ಜಕ್ಕಲೆ ಮತ್ತು ಹೆಸರಿಲ್ಲದ ತಲೆಯೋಲೆ

ಕಲ್ಲುಗಳು ಇನ್ನೂ ನಡೆದಾಡುತ್ತಿದ್ದ ಕಾಲದಲ್ಲಿ ಶೋಣಪುರಿ ಎಂಬ ರಾಜ್ಯವಿತ್ತು. ಊರಿನ ಮೇಲ್ಗಡೆ ದೊಡ್ಡ ಕೆರೆ. ಅದರ ಏರಿ ಬಿರುಕು ಬಿಟ್ಟರೆ ಕಲ್ಲಿನ ಭೂತಗಳು ಬಂದು ಕೈಯಿಂದ ಒತ್ತಿ ಹಿಡಿಯುತ್ತಿದ್ದವು. ಭೂತಗಳಿಗೆ ಮನುಷ್ಯರ ಮಾತು ತಿಳಿಯದು. ಅರಮನೆಯ ತಾಮ್ರದ ಯಂತ್ರ ರಾಜನ ಅಪ್ಪಣೆಯನ್ನು ಕಲ್ಲಿನ ಭಾಷೆಗೆ ತಿರುಗಿಸುತ್ತಿತ್ತು. ಯಂತ್ರ ಓದುವ ಮಂತ್ರದ ತಾಳೆಯೋಲೆ ಕಟ್ಟುಗಳು ನೂರಾರು, ಎಲ್ಲ ಓಲೆಯ ಕೋಣೆಯಲ್ಲಿ. ಪ್ರತಿ ಕಟ್ಟಿನ ಮೇಲೂ ಒಂದು ತಲೆಯೋಲೆ. ಒಳಗೆ ಯಾವ ಮಂತ್ರವಿದೆ, ಅದಕ್ಕೆ ಮೊದಲು ಯಾವ ಕಟ್ಟನ್ನು ಓದಬೇಕು ಎಂದು ಅದರಲ್ಲಿ ಬರೆದಿರುತ್ತಿತ್ತು.

ಯಂತ್ರವನ್ನು ನೋಡಿಕೊಳ್ಳುತ್ತಿದ್ದವನು ಧೂಮಕನೆಂಬ ಮಾಂತ್ರಿಕ. ಅವನಿಗೆ ಸಿಂಹಾಸನದ ಮೇಲೆ ಕಣ್ಣು. ತಲೆಯೋಲೆಗಳನ್ನೆಲ್ಲ ಕಲಸಿಟ್ಟು, ಯಾವುದು ಏನೆಂಬುದನ್ನು ತನ್ನೊಳಗೇ ಇಟ್ಟುಕೊಂಡ. ಒಂದು ಮಳೆಗಾಲ ಭೂತಗಳು ಏರಿಯನ್ನು ಹಿಡಿದು ನಿಂತಿದ್ದಾಗಲೇ ಇನ್ನೊಂದು ಕಡೆ ಬಿರುಕು ಬಿಟ್ಟಿತು. ರಾಜ ಅಪ್ಪಣೆ ಕೊಟ್ಟ. ಯಂತ್ರ ಗರಗರ ತಿರುಗಿತೇ ಹೊರತು ಮಾತು ಹೊರಡಲಿಲ್ಲ. ಕಿರೀಟ ಕೊಟ್ಟರೆ ಸರಿಮಾಡುತ್ತೇನೆಂದ ಧೂಮಕ.

ರಾಜನ ಮಗಳು ಜಕ್ಕಲೆ ಓಲೆಯ ಕೋಣೆಗೆ ತಾನು ಹೋಗುತ್ತೇನೆಂದಳು. ಅಲ್ಲಿ ಧೂಮಕನ ಮಾಯದ ಮೃಗಗಳಿವೆಯೆಂದು ತಂದೆ ತಡೆದ.

"ಹೊರಗಿದ್ದರೆ ನೀರು ನಮ್ಮನ್ನು ಬಿಡುತ್ತದೆಯೇ ಅಪ್ಪಾಜಿ?" ಎಂದು ಕೇಳಿ, ಓಲೆ ಬರೆಯುವ ಕಂಟ ಹಿಡಿದು ನಡೆದಳು.

ಬಾಗಿಲಲ್ಲಿ ಎರಡು ಗಿಳಿಗಳಿದ್ದವು. ಎರಡು ಕಟ್ಟುಗಳನ್ನು ಕಾಯುತ್ತಿದ್ದ ಅವೆರಡೂ 'ಎತ್ತು, ಎತ್ತು' ಎಂದು ಕಿರುಚುತ್ತ ಕಣ್ಣು ಕುಕ್ಕಲು ಬಂದವು. ಜಕ್ಕಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಟ್ಟು ಬಿಚ್ಚಿದಳು. ಎರಡರ ತಲೆಯೋಲೆಯಲ್ಲೂ ಬರೀ 'ಎತ್ತು' ಎಂದಿತ್ತು; ಒಳಗೆ ಒಂದು ಭಾರ ಎತ್ತುವ ಮಂತ್ರ, ಇನ್ನೊಂದು ನೇಗಿಲೆಳೆಯುವ ಎತ್ತಿನದು. ಒಂದರ ಮೇಲೆ 'ಭಾರವೆತ್ತು', ಇನ್ನೊಂದರ ಮೇಲೆ 'ಉಳುವೆತ್ತು' ಎಂದು ಬರೆದಳು. ಗಿಳಿಗಳು ತಂತಮ್ಮ ಕಟ್ಟಿನ ಮೇಲೆ ಹೋಗಿ ಸುಮ್ಮನೆ ಕೂತವು.

ಮುಂದೆ ಬಾಲ ನುಂಗಿದ ಹಾವು ದಾರಿಗಡ್ಡ ಸುತ್ತುತ್ತಿತ್ತು. ಅದರ ನಡುವೆ ಎರಡು ಕಟ್ಟು. ಏರಿಯ ತಲೆಯೋಲೆ ಮೊದಲು ನೀರಿನದನ್ನು ಓದು ಎನ್ನುತ್ತಿತ್ತು. ನೀರಿನದು ಮೊದಲು ಏರಿಯದನ್ನು ಓದು ಎನ್ನುತ್ತಿತ್ತು. ಯಂತ್ರ ಸುಮ್ಮನೆ ತಿರುಗುತ್ತಿದ್ದುದು ಇದಕ್ಕೇ. ಎರಡಕ್ಕೂ ಬೇಕಾದದ್ದು ದಡವೆಂದರೇನು ಎಂಬುದಷ್ಟೇ. ಆ ನಾಲ್ಕು ಸಾಲನ್ನು ಜಕ್ಕಲೆ ಬೇರೆ ಕಟ್ಟು ಮಾಡಿ, ಎರಡರಲ್ಲೂ ಅದನ್ನೇ ಮೊದಲು ಓದುವಂತೆ ತಿದ್ದಿದಳು. ಹಾವು ಬಾಲ ಬಿಟ್ಟು ಹರಿದುಹೋಯಿತು.

ಕೊನೆಗೆ ಒಂದು ಕರಿಹುಲಿ. ಅದರ ಕಾಲಡಿ ಒಂದು ಕಟ್ಟು, ತಲೆಯೋಲೆ ಬರಿದು. ಆದರೆ ಉಳಿದ ತಲೆಯೋಲೆಗಳೆಲ್ಲ ಮೊದಲು ಅದನ್ನು ಓದು ಎನ್ನುತ್ತಿದ್ದವು.

"ಇದರ ಹೆಸರು ಹೇಳು, ಎದ್ದು ಹೋಗುತ್ತೇನೆ. ತಪ್ಪಿದರೆ ತಿನ್ನುತ್ತೇನೆ," ಎಂದಿತು ಹುಲಿ.

ಮೂಲೆಯಲ್ಲಿ ಬಂಡೆಯೊಂದನ್ನು ಹಿಡಿದು ಒಂದು ಮರಿಭೂತ ನಿಂತಿತ್ತು. ಜಕ್ಕಲೆ ಕಟ್ಟಿನ ಮಂತ್ರದಲ್ಲಿದ್ದ ಕಲ್ಲಿನ ಮಾತನ್ನು ಅದರೆದುರು ಓದಿದಳು. ಭೂತ ಕೈ ಸಡಿಲಿಸಿತು. ಬಂಡೆ ಅವಳ ಕಾಲ ಬಳಿಯೇ ಬಿದ್ದು ಒಡೆಯಿತು. ಅವಳಿಗೆ ಅರ್ಥವಾಯಿತು. ಹಾವಿನ ಸುತ್ತು ಬಿಡಿಸಿದ ಮೇಲೆ ಧೂಮಕನನ್ನು ಬಿಟ್ಟು ಬೇರೆ ಯಾರು ಯಂತ್ರ ಓಡಿಸಿದರೂ ಏರಿಯ ಭೂತಗಳೆಲ್ಲ ಹೀಗೇ ಕೈಬಿಡುತ್ತಿದ್ದವು, ಊರು ಮುಳುಗುತ್ತಿತ್ತು.

"ಇದರ ಹೆಸರು 'ಕೈಬಿಡು'," ಎಂದಳು.

ಹುಲಿ ಎದ್ದು ಹೋಯಿತು. ಜಕ್ಕಲೆ ಆ ಹೆಸರನ್ನು ಬರಿದಾದ ಓಲೆಯ ಮೇಲೆ ಕೊರೆದು, ಬೇರೆ ತಲೆಯೋಲೆಗಳಲ್ಲಿ ಮೊದಲು ಅದನ್ನು ಓದು ಎಂದಿದ್ದ ಸಾಲನ್ನು ಒಂದೊಂದಾಗಿ ಹೊಡೆದುಹಾಕಿದಳು. ಬೆರಳು ಒಡೆದು ರಕ್ತ ಬಂದರೂ ಒಂದನ್ನೂ ಬಿಡಲಿಲ್ಲ. ಆಮೇಲೆ ರಾಜ ಅಪ್ಪಣೆ ಕೊಟ್ಟ. ಯಂತ್ರ ಮಾತಾಡಿತು, ಭೂತಗಳು ಹೊಸ ಬಿರುಕಿಗೂ ಕೈ ಒತ್ತಿದವು, ನೀರು ನಿಂತಿತು.

ಓಲೆಗಳಲ್ಲಿ ಏನಿದೆಯೆಂದು ಯಾರಿಗೂ ತಿಳಿಯದಿರುವುದರಲ್ಲೇ ಧೂಮಕನ ಮಾಟದ ಬಲವಿತ್ತು. ಅಂದಿನಿಂದ ಅವನ ಮಂತ್ರ ಒಂದೂ ಫಲಿಸಲಿಲ್ಲ. ಗಡಿ ದಾಟಿ ಹೋದ. ಮುಂದೆ ಜಕ್ಕಲೆಯೇ ರಾಣಿಯಾದಳು. ಓಲೆಯ ಕೋಣೆಯ ಬಾಗಿಲನ್ನು ಕೀಳಿಸಿದಳು. ಶೋಣಪುರಿಯ ಜನ ಬೇಕೆಂದಾಗ ಒಳಗೆ ಹೋಗಿ ಓದಿಕೊಂಡು ಬಂದರು, ಹೊಟ್ಟೆತುಂಬ ಉಂಡರು, ಕೆರೆಯ ಕೆಳಗೇ ನಿಶ್ಚಿಂತೆಯಿಂದ ಮಲಗಿದರು.