ಬೆಳ್ಳಿಯ ಮೇಲೊಂದು ಬಿದಿಗೆ ಚಂದ್ರ

"ಟಣ್!"

ಸುತ್ತಿಗೆಯ ಸದ್ದಿಗೆ ಹಿಲಾರಸ್ ಬೆಚ್ಚಿಬಿದ್ದ. ತಾನು ಪ್ರೀತಿಯಿಂದ ಕೊಟ್ಟ ಬೆಳ್ಳಿ ನಾಣ್ಯದ ಮೇಲೆ ವಿಬಿಯಾ ಉಕ್ಕಿನ ಮೊಳೆಯಿಟ್ಟು ಹೊಡೆದಿದ್ದಳು!

"ಏನೇ ಇದು? ನನ್ನನ್ನೇ ಪರೀಕ್ಷೆ ಮಾಡ್ತೀಯಾ?"

ರೋಮಿನ ಸಂತೆಯಲ್ಲಿ ನಾಣ್ಯ ಪರೀಕ್ಷಿಸುವುದು ವಿಬಿಯಾಳ ಮನೆತನದ ಕಸುಬು. ಹಿಲಾರಸನದು ಬೆಟ್ಟದ ಮೇಲಿನ ಟಂಕಸಾಲೆಯಲ್ಲಿ ಅಚ್ಚು ಕೊರೆಯುವ ಕೆಲಸ. ಈ ನಾಣ್ಯದ ಅಚ್ಚೂ ಅವನದೇ. ದೇವಿಯ ಮೊಗ, ಸುತ್ತ 'ಕಾಂಕಾರ್ಡಿಯಾ' ಎಂಬ ಬರಹ... ಒಮ್ಮನಸ್ಸಿನ ದೇವಿ. ಮೂಗು ಮಾತ್ರ ಥೇಟ್ ವಿಬಿಯಾಳದು!

ಪಕ್ಕದ ಮೀನಿನವಳು ಕಿಸಕ್ಕನೆ ನಕ್ಕಳು. "ನಿನ್ನೆ ಮೊನ್ನೆವರೆಗೂ ಗುಲಾಮನಾಗಿದ್ದೋನ್ನ ಯಾರಪ್ಪ ನಂಬ್ತಾರೆ?"

ಹಿಲಾರಸನ ಮುಖ ಕಪ್ಪಿಟ್ಟಿತು. "ಧಣಿ ಬಿಡುಗಡೆ ಕೊಟ್ರೂ ಊರೆಲ್ಲ ನನ್ನನ್ನ ಒರೆಗೆ ಹಚ್ತಾನೇ ಇದೆ. ನೀನೂನಾ, ವಿಬಿಯಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಹೊರಟೇಹೋದ.

'ಒಂದು ಮಾತು ಕೇಳಬಾರದಿತ್ತಾ? ಹೋಗಲಿ, ನನಗೇನು!' ಎಂದುಕೊಂಡಳು. ಆದರೆ ಕಣ್ಣು ಕೇಳಬೇಕಲ್ಲ... ತುಂಬಿಕೊಂಡು ಬಂತು. ಅಂದು ಊಟವೂ ಸೇರಲಿಲ್ಲ.

ಬೆಳಗಾದೊಡನೆ ಬಿಗುಮಾನವನ್ನೆಲ್ಲ ನುಂಗಿಕೊಂಡು ಬೆಟ್ಟ ಹತ್ತಿದಳು. ಟಂಕಸಾಲೆಯ ಬಾಗಿಲಲ್ಲಿ ಅವನ ಅಂಗೈಗೆ ಆ ನಾಣ್ಯವಿಟ್ಟಳು.

"ನೋಡು."

ದೇವಿಯ ಮುಡಿಯ ಹಿಂದೆ, ಅಕ್ಷರಗಳ ನಡುವೆ, ಮೊಳೆಯ ತುದಿ ಮೂಡಿಸಿದ ಪುಟ್ಟದೊಂದು ಬಿದಿಗೆ ಚಂದ್ರ.

"ಅನುಮಾನ ಇದ್ರೆ ಉಳಿ ಹಾಕಿ ಸೀಳ್ತೀವಿ ಕಣೋ, ದಡ್ಡ! ನೀನು ಮೇಜಿನ ಮೇಲೆ ಹಾಕಿದಾಗಲೇ ದನಿ ಕೇಳಿ ಗೊತ್ತಾಯ್ತು, ಅಪ್ಪಟ ಬೆಳ್ಳಿ ಅಂತ. ಇದು ನಮ್ಮನೆ ಗುರುತು. ಇದನ್ನ ಒತ್ತಿದ ನಾಣ್ಯ ಖೋಟಾ ಅಂತಾದ್ರೆ ಅಪ್ಪ ಅಂಗಡಿ ಮುಚ್ಚಿ ಊರೇ ಬಿಡ್ಬೇಕು. ಇಲ್ಲಿ ಹೊಸ ನಾಣ್ಯಾನೇ ನೋಡ್ಕೊಂಡು ಕೂತಿರೋ ನಿನಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು?"

"ಮತ್ತೆ... ಯಾಕೆ ಒತ್ತಿದೆ?"

"'ಆ ಹುಡುಗನಿಗೆ ಜಾಮೀನು ಯಾರು?' ಅಂತ ಅಪ್ಪ ಕೇಳಿದ್ರು." ಅವಳು ಚಂದ್ರನತ್ತ ಬೆರಳು ತೋರಿದಳು. "'ನಾನು' ಅಂದೆ. ನಿನ್ನ ಒಂದು ಅಕ್ಷರಕ್ಕೂ ತಾಗಿಸಿಲ್ಲ, ನೋಡು..."

ಹಿಲಾರಸ್ ನಾಣ್ಯವನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಹುಟ್ಟಿದಾಗಿನಿಂದ ಅವನಿಗಾಗಿ ಯಾರೂ ಹೊಣೆ ಹೊತ್ತಿರಲಿಲ್ಲ.

"ತಪ್ಪಾಯ್ತು ಕಣೇ..." ಎಂದವನು ಸೊಂಟದ ಚೀಲದಿಂದ ಕಬ್ಬಿಣದ ಉಂಗುರ ತೆಗೆದ. ನಿಶ್ಚಿತಾರ್ಥದ ಉಂಗುರ!

"ಇದಕ್ಕೂ ಗುರುತು ಒತ್ತುತ್ತೀಯಾ?"

"ಬೇಡ." ವಿಬಿಯಾ ಕಣ್ಣೊರೆಸಿಕೊಂಡು ಬೆರಳು ಚಾಚಿದಳು. "ಗುರುತು ಬೇಕಾಗೋದು ಕೈಯಿಂದ ಕೈಗೆ ಹೋಗೋದಕ್ಕೆ. ಇದು ಇನ್ನು ಎಲ್ಲಿಗೂ ಹೋಗಲ್ಲ."