ಕಿವಿಗೆ ಹಿಡಿದ ಇಲಿ

"ಕೊಡಿ ಇಲ್ಲಿ!"

ಬಾಗಿಲಲ್ಲಿ ಇಲಿಗಳ ತಪಾಸಣೆಗೆ ನಿಂತಿದ್ದ ಆ ಉದ್ದನೆಯ ಮನುಷ್ಯ ಉತ್ತರಕ್ಕೂ ಕಾಯಲಿಲ್ಲ. ನೊರೀನ್‌ಳ ಅಂಗೈಯಿಂದ ಇಲಿಯನ್ನು ಮೆಲ್ಲಗೆ ಎತ್ತಿಕೊಂಡ. ಎತ್ತಿಕೊಂಡು, ಅದಕ್ಕೇ ಫೋನ್ ಬಂದಿದೆಯೇನೋ ಅನ್ನುವ ಹಾಗೆ ಕಿವಿಗೆ ಹಿಡಿದ!

ಇಂಗ್ಲೆಂಡಿನ ಬಂದರು ಊರು ಗ್ರಿಮ್ಸ್‌ಬಿಯ ಚರ್ಚ್ ಹಾಲ್. ಒಳಗೆ ಸಾಕಿಲಿಗಳ ಪ್ರದರ್ಶನ. ಹೊರಗೆ ಸಮುದ್ರದ ಗಾಳಿ. ಎಂಥ ಗಾಳಿ ಅಂದರೆ, ಆವತ್ತು ಬೆಳಿಗ್ಗೆ ಒಬ್ಬ ಮುದುಕನ ಕಟ್ಟಿಸಿದ ಹಲ್ಲು ಹಾರಿ ಹೋಗಿ ಪಕ್ಕದ ಬೀದಿಯ ನಾಯಿಯ ಬಾಯಲ್ಲಿ ಸರಿಯಾಗಿ ಕೂತುಬಿಟ್ಟಿತ್ತು. ಸುಳ್ಳಾದರೆ ಆ ನಾಯಿಯನ್ನೇ ಕೇಳಿ, ಈಗಲೂ ನಗುತ್ತಲೇ ಓಡಾಡುತ್ತಿದೆ.

"ಏನಂತೆ? ರಾಂಗ್ ನಂಬರಾ?" ನೊರೀನ್ ಕುಟುಕಿದಳು.

ಅವನು ನಗಲಿಲ್ಲ. "ಎದೆ ಗೊರಗೊರ ಅಂತಿದೆ. ಒಳಗೆ ಬಿಡಕ್ಕಾಗಲ್ಲ. ಬೇರೆ ಇಲಿಗಳಿಗೆ ಅಂಟುತ್ತೆ."

"ರೀ, ಇವಳು ಎರಡೂವರೆ ವರ್ಷದ ಮುದುಕಿ! ಇಲಿ ಲೆಕ್ಕದಲ್ಲಿ ನಿಮ್ಮಜ್ಜಿಗಿಂತ ದೊಡ್ಡೋಳು. ಹಿರೀ ಇಲಿ ಬಹುಮಾನಕ್ಕೆ ಅಂತ ಕರ್ಕೊಂಡ್ ಬಂದಿದೀನಿ. ಇನ್ನೊಂದ್ಸಲ ಬರೋಕೆ ಇರ್ತಾಳೋ ಇಲ್ವೋ..."

"ಅದಕ್ಕೇ ಮನೆಗೆ ಕರ್ಕೊಂಡ್ ಹೋಗಿ. ಈ ಚಳಿ ಅವಳಿಗೆ ಆಗಲ್ಲ."

"ಬೇಗ ಆಗ್ಲಿ ತಾಯಿ!" ಹಿಂದೆ ಸಾಲಿನಲ್ಲಿ ಇಲಿ ಹಿಡಿದು ನಿಂತ ಯಾರೋ ಕೂಗಿದರು. "ನಮ್ಮೋನು ನನ್ನ ಕೋಟಿನ ತೋಳೊಳಗೆ ಉಚ್ಚೆ ಹೊಯ್ದಾಯ್ತು!"

ಸಾಲಿಗೆ ಸಾಲೇ ನಕ್ಕಿತು. ನೊರೀನ್‌ಳ ಮುಖ ಕೆಂಡವಾಯಿತು. 'ಹೃದಯ ಅನ್ನೋದೇ ಇಲ್ಲ ಈ ಲೈಟು ಕಂಬಕ್ಕೆ!'

ಬಸ್ ಸ್ಟಾಪಿನಲ್ಲಿ ತನ್ನ ಮುದುಕಿ ಇಲಿ ಡಚೆಸ್‌ಳನ್ನು ಕೋಟಿನೊಳಗೆ ಅವಚಿಕೊಂಡು ಕೂತಳು. ಅಳು ತಡೆಯಲಾಗಲಿಲ್ಲ. ಆಗ ಎದುರಿಗೆ ಒಂದು ಹಳೇ ವ್ಯಾನ್ ಬಂದು ನಿಂತಿತು. ಕಿಟಕಿಯಲ್ಲಿ ಅದೇ ಕಂಬ!

"ಬಾಗಿಲಿಗೆ ಬೇರೆಯೋರನ್ನ ನಿಲ್ಲಿಸಿ ಬಂದೆ. ಹತ್ತಿ. ಬಸ್ಸಲ್ಲಿ ಗಾಳಿ ಹೊಡೆಯುತ್ತೆ... ಅವಳಿಗೆ."

"ಅವಳಿಗೆ ಮಾತ್ರಾನಾ?"

ಅವನು ಕಿವಿ ಕೆರೆದುಕೊಂಡ. "ಸೀಟು ಎರಡಿದೆ."

ಹೆಸರು ರಾಯ್ಸ್ಟನ್. ಮನೆಮನೆಗೆ ಹೋಗಿ ಬಾಯ್ಲರ್ ರಿಪೇರಿ ಮಾಡುವವನು. ನೊರೀನ್ ಬಂದರಿನ ಹತ್ತಿರ ಮೀನಿಗೆ ಹೊಗೆ ಹಾಕುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ನಲವತ್ತೆರಡು ವರ್ಷ, ಒಬ್ಬಂಟಿ. ಎಷ್ಟು ಸೋಪು ತಿಕ್ಕಿದರೂ ಆ ಹೊಗೆ ವಾಸನೆ ಕೂದಲು ಬಿಡುತ್ತಿರಲಿಲ್ಲ. ಪಬ್ಬಿನಲ್ಲಿ ಪಕ್ಕಕ್ಕೆ ಕೂತ ಗಂಡಸರು ಒಮ್ಮೆ ಮೂಗೆಳೆದು ಕುರ್ಚಿ ಸರಿಸಿಕೊಳ್ಳುತ್ತಿದ್ದರು. ಡಚೆಸ್‌ಗೆ ಮಾತ್ರ ಆ ವಾಸನೆ ಅಂದರೆ ಪ್ರಾಣ. ಮನೆಗೆ ಬಂದ ಕೂಡಲೇ ಬೆರಳೊಂದೊಂದನ್ನೂ ನೆಕ್ಕುತ್ತಿದ್ದಳು.

ರಾಯ್ಸ್ಟನ್ ವ್ಯಾನಿನಲ್ಲಿ ಮೂಗೆಳೆದಾಗ ಅವಳು ಕುಗ್ಗಿಹೋದಳು.

"ಹಸಿವಾಯ್ತು," ಅಂದ ಅವನು.

ಅಷ್ಟಕ್ಕೇ ಅವಳಿಗೆ ಜೋರು ನಗು ಬಂತು. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು!

ಮಾರನೇ ದಿನ ಅವನು ಔಷಧಿಯನ್ನು ಮಂಜಿನ ಹಾಗೆ ಊದುವ ಪುಟ್ಟ ಯಂತ್ರ ತಂದ. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು, ಕೊಳವೆ ಸಿಕ್ಕಿಸಿದ. ಡಚೆಸ್ ಒಳಗೆ ಕೂತು ಮಂಜು ಕುಡಿದಳು. ಕಣ್ಣಿಂದ, ಮೂಗಿಂದ ಕೆಂಪು ನೀರು ಇಳಿಯುತ್ತಿತ್ತು.

"ರಕ್ತ!" ನೊರೀನ್ ಎದೆ ಹಿಡಿದುಕೊಂಡಳು.

"ಅಲ್ಲ. ಇಲಿಗಳ ಕಣ್ಣೀರಿನ ಬಣ್ಣಾನೇ ಅದು. ಮೈಗೆ ಕಷ್ಟ ಆದಾಗ ಜಾಸ್ತಿ ಬರುತ್ತೆ." ಒದ್ದೆ ಹತ್ತಿಯಲ್ಲಿ ಅವನೇ ಒರೆಸಿದ. "ಈ ಎದೆ ರೋಗ ವಾಸಿ ಆಗಲ್ಲ ನೊರೀನ್. ಜೊತೇಲಿಟ್ಕೊಂಡು ಬದುಕಿಸ್ಬೋದು, ಅಷ್ಟೇ. ಇವಳ ಜೊತೆಗಾತಿ ಎಲ್ಲಿ?"

"ತಂಗಿ ಇದ್ಲು. ಚಳಿಗಾಲದಲ್ಲಿ ಹೋದ್ಲು."

ಅವನ ಮುಖ ಕಪ್ಪಿಟ್ಟಿತು. ಇಲಿ ಸಾಕುವವರಲ್ಲಿ ಇದೊಂದು ಕಟ್ಟಳೆ: ಇಲಿಯನ್ನು ಒಂಟಿಯಾಗಿ ಬಿಡಬಾರದು. ಒಂಟಿ ಇಲಿ ಕೊರಗಿಯೇ ಸಾಯುತ್ತದೆ.

"ನನ್ನ ಇಲಿ ಗ್ರೇವೀದೂ ಅದೇ ಕಥೆ," ಅಂದ. "ಅಕ್ಕ ಸತ್ತ ಮೇಲೆ ಮೂಲೆ ಬಿಟ್ಟು ಏಳಲ್ಲ. ಈ ರೋಗ ಅವಳ ಎದೇಲೂ ಮೊದಲೇ ಇದೆ, ಹೊಸದಾಗಿ ಅಂಟೋಕೇನಿಲ್ಲ."

ಇಬ್ಬರು ಮುದುಕಿಯರನ್ನೂ ನೊರೀನ್‌ಳ ಸ್ನಾನದ ತೊಟ್ಟಿಯಲ್ಲಿ ಭೇಟಿ ಮಾಡಿಸಿದರು. ನೀರಿಲ್ಲದ ತೊಟ್ಟಿ, ಇಬ್ಬರ ಜಾಗವೂ ಅಲ್ಲ, ಆದ್ದರಿಂದ ಜಗಳ ಕಡಿಮೆ. ಗ್ರೇವಿ ಉಬ್ಬಿ ನಿಂತಳು. ಡಚೆಸ್ ಬುಸ್ ಅಂದಳು. ಆಮೇಲೆ... ಗ್ರೇವಿ ಹತ್ತಿರ ಬಂದು ಡಚೆಸ್‌ಳ ಕಿವಿ ನೆಕ್ಕಿದಳು.

ತೊಟ್ಟಿಯ ಅಂಚಿನ ಮೇಲೆ ನಾಲ್ಕು ಕೈ ಇದ್ದವು. ಅದರಲ್ಲಿ ಎರಡು ಒಂದಕ್ಕೊಂದು ತಾಕಿಕೊಂಡಿದ್ದವು. ಯಾರೂ ಎಳೆದುಕೊಳ್ಳಲಿಲ್ಲ.

ಗ್ರೇವಿ ಅಲ್ಲೇ ಉಳಿದಳು. ರಾಯ್ಸ್ಟನ್ ದಿನಾ ಸಂಜೆ ಬರತೊಡಗಿದ. ಬಂದವನೇ ಡಚೆಸ್‌ಳನ್ನು ಕಿವಿಗೆ ಹಿಡಿಯುತ್ತಿದ್ದ. ಆಮೇಲೆ ಚಹಾ. ಆಮೇಲೆ ಮಾತು. ಮಾತೆಲ್ಲ ಇಲಿಗಳದ್ದೇ!

'ಇವನು ಬರೋದು ನನಗೋಸ್ಕರಾನಾ, ಅವಳಿಗೋಸ್ಕರಾನಾ?' ಕೇಳುವ ಧೈರ್ಯ ನೊರೀನ್‌ಗೆ ಇರಲಿಲ್ಲ.

ಡಚೆಸ್ ಸೊರಗುತ್ತಾ ಹೋದಳು. ಮೊದಲು ಹಿಂಗಾಲು ಸೋತವು. ಮೈ ನೆಕ್ಕಿಕೊಳ್ಳಲಾಗದೆ ಕೂದಲು ಜಿಡ್ಡುಗಟ್ಟಿತು. ಗ್ರೇವಿ ಅವಳಿಗೆ ಒರಗಿ ಕೂತು ಬೀಳದಂತೆ ತಡೆಯುತ್ತಿದ್ದಳು. ಬಾಳೆಹಣ್ಣಿನ ಕಸ್ಟರ್ಡ್‌ನಲ್ಲಿ ಔಷಧಿ ಕಲೆಸಿ ಕೊಟ್ಟರೆ ಡಚೆಸ್ ಮುಖ ತಿರುಗಿಸುತ್ತಿದ್ದಳು.

"ತಿಂದ್ಲಾ?" ರಾಯ್ಸ್ಟನ್ ಕೇಳುತ್ತಿದ್ದ.

"ತಟ್ಟೆ ನೆಕ್ಕಿಬಿಟ್ಲು!"

ಒಂದು ಸಂಜೆ ಅವನು ಡಚೆಸ್‌ಳನ್ನು ಎತ್ತಿದವನು ಕಿವಿಗೆ ಹಿಡಿಯಲೇ ಇಲ್ಲ. ಅಂಗೈಯಲ್ಲಿ ಬರೀ ಮೂಳೆ. ಅವನು ನೊರೀನ್‌ಳ ಮುಖ ನೋಡಿದ. ತುಟಿಯ ಅಂಚಿನಲ್ಲಿ ಹಳದಿ ಕಸ್ಟರ್ಡ್ ಒಣಗಿತ್ತು.

"ತಿಂದಿದ್ದು ಇವಳಲ್ಲ," ಅಂದ ಮೆಲ್ಲಗೆ. "ನೀವು."

ಅವಳು ತುಟಿ ಒರೆಸಿಕೊಂಡಳು.

"ಸಾಕು ನೊರೀನ್. ಇವಳನ್ನ ಬಿಟ್ಟುಬಿಡೋಣ. ಡಾಕ್ಟ್ರ ಹತ್ರ ನಾನೇ ಕರ್ಕೊಂಡ್ ಹೋಗ್ತೀನಿ. ನೋವಿಲ್ದೆ ಮಲಗಿಸ್ತಾರೆ."

ಸಾಕು! ಆ ಒಂದು ಮಾತು ಅವಳ ಎದೆಗೆ ನಾಟಿತು. 'ಇವನಿಗೆ ಸಾಕಾಗಿದೆ... ಇಲ್ಲಿಗೆ ಬರೋದೇ ಸಾಕಾಗಿದೆ.'

"ಬೇಜಾರಾಗಿದ್ರೆ ನೇರ ಹೇಳಿ! ನಿಮಗೆ ಬರಕ್ಕೆ ಇಷ್ಟ ಇಲ್ಲ ಅಂತ ಇವಳನ್ನ ಯಾಕ್ರೀ ಸಾಯಿಸ್ತೀರಾ?"

ಅವನ ಮುಖ ಬೆಳ್ಳಗಾಯಿತು. ಡಚೆಸ್‌ಳನ್ನು ಗ್ರೇವಿಯ ಪಕ್ಕ ಮಲಗಿಸಿದ. ಟೋಪಿ ತೆಗೆದುಕೊಂಡು ಹೊರಟುಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನೊರೀನ್ ಗೂಡಿನ ಮುಂದೆ ಕೂತಿದ್ದಳು. ಡಚೆಸ್‌ಳ ಕಣ್ಣಿನ ಸುತ್ತ ಕೆಂಪು ಒಣಗಿ ರೆಪ್ಪೆ ಅಂಟಿಕೊಂಡಿತ್ತು. ಒದ್ದೆ ಹತ್ತಿಯಲ್ಲಿ ಬಿಡಿಸಿದಳು. ಬೆರಳು ಚಾಚಿದರೆ ಡಚೆಸ್ ಮೂಗು ತಾಕಿಸಿದಳು, ನೆಕ್ಕಲು ಆಗಲಿಲ್ಲ.

ಇಷ್ಟು ದಿನವೂ ಕಿವಿಗೆ ಹಿಡಿದವನು ರಾಯ್ಸ್ಟನ್. ನೊರೀನ್‌ಗೆ ಭಯ. ಇವತ್ತು ಅವಳೇ ಎತ್ತಿ ಕಿವಿಗೆ ಹಿಡಿದಳು.

ಕೇಳಿಸಿತು.

ಒಳಗೆ ಯಾರೋ ಮುಳುಗುತ್ತಿರುವ ಹಾಗೆ. ಒಂದೊಂದು ಉಸಿರನ್ನೂ ಕೆಸರಿನಿಂದ ಕಿತ್ತು ಎಳೆದ ಹಾಗೆ...

"ಅಯ್ಯೋ ನನ್ನ ಕಂದಾ! ಇಷ್ಟು ದಿನ ಇದನ್ನೇ ಹೇಳ್ತಿದ್ಯಾ ನೀನು?"

ಫೋನ್ ಮಾಡಿದಳು. "ರಾಯ್ಸ್ಟನ್... ಬರ್ತೀರಾ? ಅವಳನ್ನ ಬಿಡಬೇಕು."

ಅವನು ಯಾರದೋ ಬಾಯ್ಲರನ್ನು ಬಿಚ್ಚಿಟ್ಟ ಹಾಗೇ ಬಿಟ್ಟು ಬಂದ.

ಆಸ್ಪತ್ರೆಯಲ್ಲಿ ಮೊದಲು ಮತ್ತಿನ ಗಾಳಿ, ಆಮೇಲೆ ಸೂಜಿ. ಡಚೆಸ್ ನೊರೀನ್‌ಳ ಅಂಗೈಯಲ್ಲೇ ಮಲಗಿದ್ದಳು, ಮೂಗು ಬೆರಳ ಸಂದಿಯಲ್ಲಿ. ಗೊರಗೊರ ಸಣ್ಣದಾಯಿತು. ಆಮೇಲೆ ನಿಂತಿತು. ಆ ಮೌನದಲ್ಲಿ ನೊರೀನ್‌ಗೆ ತನ್ನ ಉಸಿರಿನ ಬಗ್ಗೆಯೇ ನಾಚಿಕೆಯಾಯಿತು.

ಹೊಗೆ ಮೀನು ತುಂಬುವ ಪುಟ್ಟ ಮರದ ಪೆಟ್ಟಿಗೆಯಲ್ಲಿಟ್ಟು ಹಿತ್ತಲಲ್ಲಿ ಹೂತರು. ಇಷ್ಟದ ವಾಸನೆ ಜೊತೆಗಿರಲಿ ಅಂತ.

ಒಳಗೆ ಗ್ರೇವಿ ಗೂಡಿನ ಮೂಲೆಮೂಲೆ ಮೂಸಿ ಹುಡುಕುತ್ತಿದ್ದಳು. ರಾಯ್ಸ್ಟನ್ ಗೂಡು ಎತ್ತಿಕೊಂಡ.

"ಇವಳನ್ನ ಕರ್ಕೊಂಡ್ ಹೋಗ್ತೀನಿ. ಇನ್ನು ನಿಮಗೆ ತೊಂದರೆ ಕೊಡಲ್ಲ."

ಅವನು ಬಾಗಿಲು ತಲುಪಿದ್ದ.

"ಕಸ್ಟರ್ಡ್ ಯಾಕೆ ತಿಂದೆ ಗೊತ್ತಾ?" ನೊರೀನ್ ಸ್ವರ ಒಡೆಯಿತು. "ಅವಳು ಹೋದ್ರೆ ನೀವೂ ಬರಲ್ಲ ಅಂತ! ನೀವು ಬರ್ಲಿ ಅಂತ ಒಂದು ಮುದುಕಿ ಪ್ರಾಣಾನ ಹಿಡಿದಿಟ್ಕೊಂಡೆ. ನಾನೆಂಥ ಹೆಂಗಸು ರಾಯ್ಸ್ಟನ್?"

ಅವನು ಗೂಡನ್ನು ಕೆಳಗಿಟ್ಟ. ತಿರುಗದೆಯೇ ಹೇಳಿದ.

"ದಿನಾ ಕಿವಿಗೆ ಹಿಡಿದೋನು ನಾನು. ನನಗೆ ಮೊದಲೇ ಗೊತ್ತಿತ್ತು. ತಿಂಗಳ ಹಿಂದೇನೇ ಹೇಳ್ಬೇಕಿತ್ತು." ಅವನ ಭುಜ ಅಲುಗುತ್ತಿತ್ತು. "ಹೇಳಿದ್ರೆ ಈ ಬಾಗಿಲು ಮುಚ್ಚುತ್ತೆ ಅಂತ... ನಾನೂ ಸುಮ್ನಿದ್ದೆ."

ಇಬ್ಬರೂ ಹಿತ್ತಲಿನ ಹಸಿ ಮಣ್ಣಿನ ಕಡೆ ನೋಡಿದರು. ಕ್ಷಮೆ ಕೇಳಬೇಕಾದವಳು ಅಲ್ಲಿದ್ದಳು.

"ಒಂಟಿಯಾಗಿ ಬಿಡಬಾರದು, ನೊರೀನ್."

"ಗ್ರೇವೀನಾ?"

"ಗ್ರೇವೀನೂ."

ಅವಳು ಹತ್ತಿರ ಬಂದಳು. ಬಾಯ್ಲರ್ ಮಸಿ ಅಂಟಿದ ಅವನ ಅಂಗಿಯ ಮೇಲೆ, ಎದೆಯ ಎಡಕ್ಕೆ, ಕಿವಿ ಇಟ್ಟಳು.

"ಏನಂತೆ?" ಅಂದ ಅವನು. "ರಾಂಗ್ ನಂಬರಾ?"

"ಸುಮ್ನಿರು... ಕೇಳಿಸ್ಕೊಳ್ತಿದೀನಿ."