ಹೆಲ್ಕಾ ತೂಗಿದ ನ್ಯೂಕ್ಲಿಯಸ್

ಕಾಫಿ ಕೋಣೆಗೆ ಹೆಲ್ಕಾ ಕಾಲಿಟ್ಟರೆ ಸಾಕು, ಸಹೋದ್ಯೋಗಿ ಯೌನಿ ಅರ್ಧ ತಿಂದ ಏಲಕ್ಕಿ ಬನ್ ಕೈಯಲ್ಲಿ ಹಿಡಿದು ಎದ್ದು ಹೋಗುತ್ತಿದ್ದ. ಬೇಸಿಗೆಯಲ್ಲಿ ಸರೋವರದ ದಂಡೆಯುದ್ದಕ್ಕೂ ಅವಳ ಜೊತೆ ನಡೆದವನು ಇವನೇ. ಇಡೀ ಲ್ಯಾಬ್ ಅವಳು ತೂಗಿ ತೆಗೆದ ಅಂಕಿಯನ್ನು ಅನುಮಾನಿಸುತ್ತಿರುವಾಗ ಇವನೂ ಆ ಕಡೆಗೇ ಸೇರಿದನಲ್ಲ ಎಂದು ಅವಳಿಗೆ ಉರಿಯುತ್ತಿತ್ತು.

ಅವಳು ತೂಗಿದ್ದು ಬೆಳ್ಳಿಯ ಒಂದು ಅಪರೂಪದ ನ್ಯೂಕ್ಲಿಯಸ್. ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಸಾಯುವಂಥದ್ದು. ಅದನ್ನು ಆಯಸ್ಕಾಂತದ ನಡುವೆ ಹಿಡಿದು, ಅದು ಸುತ್ತುವ ವೇಗದಿಂದ ತೂಕ ತೆಗೆದಿದ್ದಳು. ಎಲ್ಲರೂ ಒಪ್ಪಿದ ಹಳೆಯ ತೂಕಕ್ಕಿಂತ ತುಸು ಹೆಚ್ಚು ಬಂದಿತ್ತು.

"ಸುಮ್ನಿರೋ ನ್ಯೂಕ್ಲಿಯಸ್ ಬಿಟ್ಟು, ಶಕ್ತಿ ತುಂಬ್ಕೊಂಡು ಕುಣಿಯೋ ಅದರ ಅವಳಿ ರೂಪಾನ ತೂಗಿದೀಯಮ್ಮ," ಎಂದಿದ್ದರು ಪ್ರೊಫೆಸರ್ ರಾಯ್ಮೋ. "ನಾವೆಲ್ಲ ಒಂದ್ಸಲ ಬಿದ್ದಿರೋ ಗುಂಡಿ. ತಿದ್ಕೊಂಡ್ಬಿಡು."

"ಆ ಅವಳಿ ರೂಪಾನ ಬೇರೆ ಮಾಡಿಯೇ ತೂಗಿದ್ದು. ತಿದ್ದಲ್ಲ."

"ಇನ್ನೊಬ್ರ ಸಾಕ್ಷಿ ಇಲ್ದೆ ನಾನು ಒಪ್ಪಲ್ಲ."

"ಅವರ ಲೆಕ್ಕ ಬೇರೆ ಬಂದ್ರೆ ಪ್ರಬಂಧದಿಂದ ನನ್ನ ಹೆಸರೇ ತೆಗೀರಿ."

ಅದೇ ಅಳತೆಗಳಿಂದ ಎರಡನೇ ಲೆಕ್ಕ ಯಾರು ಹಾಕುತ್ತಾರೆಂದು ಮೊದಲು ಲೆಕ್ಕ ಹಾಕಿದವರಿಗೆ ಹೇಳುವುದಿಲ್ಲ. ಗೊತ್ತಾದರೆ ಇಬ್ಬರೂ ಮಾತಾಡಿಕೊಂಡುಬಿಡುತ್ತಾರೆ. ಅದು ಅಲ್ಲಿಯ ಕಟ್ಟಳೆ.

ಶುಕ್ರವಾರ ಎಲ್ಲರೂ ಪರದೆಯ ಮುಂದೆ ಸೇರಿದರು. ಹೆಲ್ಕಾಳ ಅಂಕಿಯ ಪಕ್ಕದಲ್ಲಿ ತನ್ನ ಅಂಕಿ ತೋರಿಸಲು ಲ್ಯಾಪ್‌ಟಾಪ್ ಹಿಡಿದು ಎದ್ದವನು ಯೌನಿ. ಎರಡೂ ಒಂದೇ.

ರಾಯ್ಮೋ ಅಂಕಿಗಳನ್ನು ಒಂದೊಂದಾಗಿ ಹೋಲಿಸಿ ನೋಡಿದರು. ಆಮೇಲೆ ಎದ್ದು, ತಮ್ಮ ಕೈಯಾರೆ ಹೆಲ್ಕಾಳ ಕಪ್ಪಿಗೆ ಕಾಫಿ ಸುರಿದರು.

ಅವಳು ಯೌನಿಯ ಕಡೆ ತಿರುಗಿದಳು. "ನೀನಾ? ಅದಕ್ಕೇ ಬನ್ ಎತ್ಕೊಂಡು ಓಡ್ತಿದ್ಯಾ?"

"ಕೂತಿದ್ರೆ ಅಂಕಿ ಬಾಯಿಗೆ ಬಂದ್ಬಿಡ್ತಿತ್ತು. ಬನ್ ಬಿಟ್ಟು ಓಡೋಷ್ಟು ಹುಚ್ಚು ಇನ್ನೂ ಹಿಡಿದಿಲ್ಲ."

"ಒಂದು ಕಣ್ಸನ್ನೆ ಮಾಡೋಕಾಗ್ಲಿಲ್ವಾ? ನಾನು ಎಷ್ಟು ಬೆಂದಿದೀನಿ ಗೊತ್ತಾ?"

"ಮಾಡಿದ್ರೆ ಇವತ್ತು ಈ ಅಂಕಿಗೆ ಬೆಲೆ ಇರ್ತಿತ್ತಾ? ಪ್ರೀತಿಗೋಸ್ಕರ ಹೊಂದಿಸಿದಾನೆ ಅಂತಿದ್ರು."

ಹೇಳಿದ ಮೇಲೆ ಅವನ ಕಿವಿ ಕೆಂಪಾಯಿತು. ಅವಳ ಕಣ್ಣಂಚಿನಲ್ಲಿ ನಗು ಮೂಡಿತು.

"ಯಾವ ಪ್ರೀತಿ?"

"ಎರಡನೇ ಲೆಕ್ಕ ಬೇಕಿಲ್ದೇ ಇರೋದು."

ರಾಯ್ಮೋ ಕೆಮ್ಮಿದರು. "ಇಲ್ಲಿ ಜನ ಇದಾರಮ್ಮ."

"ಇರ್ಲಿ ರಾಯ್ಮೋ. ಸಾಕ್ಷಿ ಬೇಕು ಅಂದೋರು ನೀವೇ," ಎನ್ನುತ್ತ ಹೆಲ್ಕಾ ಯೌನಿಯ ಸ್ವೆಟರಿನ ಕುತ್ತಿಗೆಗೆ ಕೈಹಾಕಿ ಅವನನ್ನು ಹತ್ತಿರಕ್ಕೆಳೆದುಕೊಂಡಳು.